ಲಿಂಬೆ ಗಿಡಕ್ಕೆ ಮಣ್ಣಿನ ಗುರ್ತ

ನಮ್ಮ ಹಿತ್ತಿಲಲ್ಲಿ ಎರಡು ಲಿಂಬೆ ಗಿಡಗಳಿವೆ. ಒಂದು, ನರ್ಸರಿಯಿಂದ ದುಡ್ಡು ಕೊಟ್ಟು ತಂದ ಕಸಿ ಗಿಡ. ಕಪ್ಪು ತೊಟ್ಟೆಯಲ್ಲಿ ಅದು ನಿಂತಿದ್ದ ಚಂದ ನೋಡಿ, ಎರಡು ವರ್ಷದೊಳಗೆ ಉಪ್ಪಿನಕಾಯಿಗೆ ಭರಣಿ ತೊಳೆದಿಡಬಹುದು ಅಂದುಕೊಂಡಿದ್ದೆ. ಇನ್ನೊಂದು ಪಾತ್ರೆ ತೊಳೆಯುವ ಕಲ್ಲಿನಿಂದ ನಾಲ್ಕು ಹೆಜ್ಜೆ ಆಚೆ, ಶರಬತ್ತಿಗೆ ಹಿಂಡಿ ಎಸೆದ ಯಾವುದೋ ಬೀಜದಿಂದ ತನ್ನಷ್ಟಕ್ಕೆ ಎದ್ದದ್ದು. ಮೂರು ಮಳೆಗಾಲ ಕಳೆಯಿತು. ತಂದ ಗಿಡ ಇನ್ನೂ ಮೊಣಕಾಲೆತ್ತರದಲ್ಲೇ ಇದೆ. ಎಲೆ ಸಣ್ಣದು, ಬಣ್ಣ ಬಿಳಿಚಿದ ಹಳದಿ. ಹುಟ್ಟಿದ ಗಿಡ ಹಟ್ಟಿಯ ಮಾಡನ್ನು ಮುಟ್ಟಿ ಈಗ ಹಂಚು ಸರಿಸಲು ಹೊರಟಿದೆ.

ಪಕ್ಕದ ಮನೆಯ ಹಿರಿಯ ಕೃಷಿಕರೊಬ್ಬರು ಬೇಲಿಯಾಚೆ ನಿಂತು ಎರಡನ್ನೂ ನೋಡಿ, "ತಂದದ್ದಕ್ಕೆ ಇಲ್ಲಿಯ ಮಣ್ಣಿನ ಗುರ್ತ ಆಗ್ಲಿಲ್ಲ ಮಾರಾಯ್ರೆ. ಗುರ್ತ ಇಲ್ಲದೆ ಯಾರು ಸಾಲ ಕೊಡ್ತಾರೆ?" ಅಂದರು. ತಮಾಷೆಗೆ ಹೇಳಿದ ಮಾತು. ಆದರೆ ಗಿಡದ ಬೇರು ಮತ್ತು ಮಣ್ಣಿನ ನಡುವೆ ನಿಜವಾಗಿ ನಡೆಯುವ ವ್ಯವಹಾರವನ್ನು ಇಷ್ಟು ಚಿಕ್ಕದಾಗಿ ಯಾವ ಪಠ್ಯಪುಸ್ತಕವೂ ಹೇಳಿದ್ದನ್ನು ನಾನು ಕಾಣೆ.

ಮೊದಲೇ ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಎರಡು ಗಿಡ ಪಕ್ಕಪಕ್ಕ ಇದ್ದ ಮಾತ್ರಕ್ಕೆ ಅದು ಪ್ರಯೋಗ ಆಗುವುದಿಲ್ಲ. ಒಂದು ಕಸಿ, ಇನ್ನೊಂದು ಬೀಜದ ಗಿಡ. ಒಂದಕ್ಕೆ ಬೇಸಗೆಯಲ್ಲೂ ಪಾತ್ರೆ ತೊಳೆದ ನೀರು, ಇನ್ನೊಂದಕ್ಕೆ ನನಗೆ ನೆನಪಾದಾಗ ಒಂದು ಕೊಡಪಾನ. ಹಾಗಿದ್ದರೂ ಹಳದಿಯಾದ ಗಿಡದ ಬುಡ ಬಿಡಿಸಿ ನೋಡಿದಾಗ ಕಂಡದ್ದು ಯೋಚನೆಗೆ ಹಚ್ಚಿತು. ಬೇರು ತೊಟ್ಟೆಯೊಳಗಿದ್ದ ಆಕಾರದಲ್ಲೇ, ಚೆಂಡಿನಂತೆ ಸುತ್ತಿಕೊಂಡು ಕುಳಿತಿತ್ತು. ಮೂರು ವರ್ಷದಲ್ಲಿ ಸುತ್ತಲಿನ ಕೆಂಪು ಮಣ್ಣಿಗೆ ಅದು ಸರಿಯಾಗಿ ಇಳಿದೇ ಇರಲಿಲ್ಲ.

ನಮ್ಮ ಕಡೆ ಸಸಿ ಎಬ್ಬಿಸಲು ಸುಡುಮಣ್ಣು ಬಳಸುವುದು ಹಳೆಯ ಕ್ರಮ. ತರಗೆಲೆ, ಕಸಕಡ್ಡಿ, ಹೆರೆಸಿದ ಮಣ್ಣು ಒಂದರ ಮೇಲೊಂದು ಒಟ್ಟಿ ಬೆಂಕಿ ಕೊಟ್ಟರೆ ಎರಡು ದಿನ ಹೊಗೆಯಾಡಿ ಹದವಾದ, ಹುಡಿಹುಡಿಯಾದ ಮಣ್ಣು ಸಿಗುತ್ತದೆ. ಕಳೆಯ ಬೀಜ ಸಾಯುತ್ತದೆ, ಹುಳದ ಮೊಟ್ಟೆ ಸಾಯುತ್ತದೆ, ಬೂದಿಯ ಪೊಟ್ಯಾಷ್ ಸೇರುತ್ತದೆ. ಬಸಳೆಗೂ ಹರಿವೆಗೂ ಅದು ಬಂಗಾರ. ಇಂದಿನ ನರ್ಸರಿಗಳು ಅದರ ಜಾಗದಲ್ಲಿ ತೆಂಗಿನ ನಾರಿನ ಹುಡಿ ಬಳಸುತ್ತವೆ, ಇಲ್ಲವೇ ಮಣ್ಣನ್ನು ಪ್ಲಾಸ್ಟಿಕ್ ಹೊದೆಸಿ ಬಿಸಿಲಿನಲ್ಲಿ ಬೇಯಿಸುತ್ತವೆ. ರೋಗ ಬಾರದ ಸಸಿ ಬೇಕಾದರೆ ಇಷ್ಟು ಶುದ್ಧ ಮಾಡಲೇಬೇಕು. ಆದರೆ ಬೆಂಕಿಗೆ ಶತ್ರು, ಮಿತ್ರ ಎಂಬ ಭೇದವಿಲ್ಲ. ಹಾಗೆ ಬೆಂದ ಮಣ್ಣಿನಲ್ಲಿ ಮೊಳೆತ ಲಿಂಬೆ, ಹುಟ್ಟಿನಿಂದಲೇ ಒಂಟಿ.

ಈ ಒಂಟಿತನಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದು ಗೊತ್ತಾದದ್ದು ಅಮೆರಿಕದ ಕಿತ್ತಳೆ ನರ್ಸರಿಗಳಲ್ಲಿ. ಅಲ್ಲಿ ಸಸಿಮಡಿಗಳಿಗೆ ಮೀಥೈಲ್ ಬ್ರೋಮೈಡ್‌ನಂಥ ವಿಷಾನಿಲ ಹಾಯಿಸಿ ಮಣ್ಣನ್ನು ಶುದ್ಧ ಮಾಡುತ್ತಿದ್ದರು. ರೋಗ ಹೋಯಿತು, ಜೊತೆಗೆ ಸಸಿಗಳೂ ಕುಂಟಿದವು. ಗೊಬ್ಬರ ಕೊಟ್ಟರೂ ಎಲೆ ಬಿಳಿಚಿ ಗೇಣುದ್ದದಲ್ಲೇ ನಿಂತುಬಿಟ್ಟವು. ಮಣ್ಣಿನಲ್ಲಿ ಉಳಿದ ವಿಷವೇ ಕಾರಣವಿರಬೇಕು ಎಂಬ ಗುಮಾನಿ ಇತ್ತು. 1972ರಲ್ಲಿ ಕ್ಲೈನ್‌ಶ್ಮಿಟ್ ಮತ್ತು ಗರ್ಡೆಮನ್ ಎಂಬ ಇಬ್ಬರು ವಿಜ್ಞಾನಿಗಳು ತೋರಿಸಿದ್ದು ಬೇರೆಯೇ ಸಂಗತಿ. ಆ ಮಣ್ಣಿನಲ್ಲಿ ಕೂಡಿಕೊಂಡ ವಿಷಕ್ಕಿಂತ ಅಲ್ಲಿಂದ ಮರೆಯಾದ ಒಂದು ಶಿಲೀಂಧ್ರವೇ ಸಸಿಗಳನ್ನು ಕುಂಟಿಸಿತ್ತು. ಅದನ್ನು ಬೇರಿಗೆ ಮರಳಿ ಕೊಟ್ಟಾಗ ಸಸಿಗಳು ಚಿಗಿತವು.

ಆ ಶಿಲೀಂಧ್ರದ ಬಳಗಕ್ಕೆ ಮೈಕೊರೈಜಾ ಎಂದು ಹೆಸರು. ಅದರಲ್ಲಿ ಲಿಂಬೆಗೆ ಬೇಕಾದ ಬಗೆ, ನಮ್ಮ ಕೃಷಿಕರ ಬಾಯಲ್ಲಿ 'ವ್ಯಾಮ್'. 'ಶಿಲೀಂಧ್ರ-ಬೇರು' ಎಂಬ ಅರ್ಥದ ಗ್ರೀಕ್ ಪದಗಳನ್ನು ಜೋಡಿಸಿ 1885ರಲ್ಲಿ ಮೈಕೊರೈಜಾ ಎಂದು ಹೆಸರಿಟ್ಟವನು ಜರ್ಮನಿಯ ಎ. ಬಿ. ಫ್ರಾಂಕ್. ವ್ಯಾಮ್ ಜಾತಿಯವು ಬೇರಿನ ಜೀವಕೋಶದ ಒಳಗೇ ಹೊಕ್ಕು ಅಲ್ಲಿ ಕವಲು ಕವಲಾಗಿ ಹರಡುತ್ತವೆ. ಕಾಲೇಜಿನ ಪ್ರಯೋಗಾಲಯವೊಂದರಲ್ಲಿ ನಾನೊಮ್ಮೆ ಇದನ್ನು ಕಣ್ಣಾರೆ ನೋಡಿದ್ದೇನೆ. ಕೂದಲಿನಂಥ ಬೇರನ್ನು ಕ್ಷಾರದಲ್ಲಿ ಬೇಯಿಸಿ, ನೀಲಿ ಬಣ್ಣದಲ್ಲಿ ಅದ್ದಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. ಪಾರದರ್ಶಕವಾದ ಬೇರಿನೊಳಗೆ ಒಂದೊಂದು ಕೋಶದಲ್ಲೂ ಒಂದೊಂದು ಪುಟ್ಟ ನೀಲಿ ಮರ! ಬೇರಿನೊಳಗೆ ಕಾಡು ಬೆಳೆದಂತೆ. ಇಡೀ ಕೊಡುಕೊಳ್ಳುವಿಕೆ ನಡೆಯುವುದು ಆ ಪುಟ್ಟ ಮರಗಳ ಸಂದಿಯಲ್ಲಿ. ಎಲೆ ಬಿಸಿಲಿನಲ್ಲಿ ದುಡಿದ ಸಕ್ಕರೆ ಶಿಲೀಂಧ್ರಕ್ಕೆ. ಶಿಲೀಂಧ್ರ ಮಣ್ಣಿನಿಂದ ಹೆಕ್ಕಿ ತಂದ ರಂಜಕ, ಸತು, ತಾಮ್ರ ಗಿಡಕ್ಕೆ. ಗಿಡ ತನ್ನ ಸಂಪಾದನೆಯಲ್ಲಿ ನೂರಕ್ಕೆ ನಾಲ್ಕರಿಂದ ಇಪ್ಪತ್ತು ಪಾಲನ್ನು ಈ ನೆಂಟನಿಗೆ ಕೊಡುತ್ತದೆ ಎಂಬ ಲೆಕ್ಕವಿದೆ. ಬಡ್ಡಿ ಸಣ್ಣದೇನಲ್ಲ, ಆದರೆ ಸಾಲ ಸಿಗದಿದ್ದರೆ ಬದುಕೇ ಇಲ್ಲ.

ಎಲ್ಲ ಗಿಡಗಳಿಗೂ ಈ ನೆಂಟಸ್ತಿಕೆ ಇಷ್ಟೇ ಅಗತ್ಯವಲ್ಲ. ಸಾಸಿವೆ, ಕೋಸಿನ ಕುಟುಂಬಕ್ಕೆ ಇದರ ಗೊಡವೆಯೇ ಇಲ್ಲ. ಹುಲ್ಲಿನ ಜಾತಿಗೆ ನೂಲಿನಂಥ ಬೇರು, ಅದರ ತುಂಬ ಬೇರುರೋಮ. ಲಿಂಬೆ, ಕಿತ್ತಳೆ, ಚಕ್ಕೋತ, ಹೇರಳೆಗಳು ಈ ವಿಷಯದಲ್ಲಿ ಬಡವರು: ಬೇರು ದಪ್ಪ, ಬೇರುರೋಮ ಕಡಿಮೆ, ಇದ್ದರೂ ಗಿಡ್ಡ. ರಂಜಕವೋ ಮಣ್ಣಿನಲ್ಲಿ ನೀರಿನ ಜೊತೆ ಹರಿದು ಬರುವ ಸತ್ವವಲ್ಲ, ಇದ್ದಲ್ಲೇ ಇರುತ್ತದೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಲ್ಲಿದ್ದುದನ್ನು ತಿಂದು ಮುಗಿಸಿದರೆ ಮತ್ತೆ ಉಪವಾಸ. ಶಿಲೀಂಧ್ರದ ಎಳೆ ಆ ಬರಗಾಲದ ಗೆರೆ ದಾಟಿ ಎಷ್ಟೋ ಸೆಂಟಿಮೀಟರು ಆಚೆಗೆ ಕೈ ಚಾಚುತ್ತದೆ, ಬೇರು ನುಗ್ಗಲಾರದ ಸಂದಿಗೂ ನುಗ್ಗುತ್ತದೆ.

ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯ ಗುಡ್ಡಗಳಲ್ಲಿ ಈ ಕೈ ಇನ್ನಷ್ಟು ಅಗತ್ಯ. ನಮ್ಮದು ಮುರಕಲ್ಲಿನ ನೆಲ. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟದ್ದು, ಇಟ್ಟಿಗೆಯಂತೆ ಕಡಿದು ಕಟ್ಟಲು ಬರುತ್ತದೆಂದು. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಕೊಡಂಗಲ್ಲಿನ ಹಳೆಯ ಜೈನ ಸಮಾಧಿಗಳಿಂದ ಹಿಡಿದು ನಿನ್ನೆ ಕಟ್ಟಿದ ಕಾಂಪೌಂಡಿನವರೆಗೆ ಎಲ್ಲ ಅದರದ್ದೇ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುಣ್ಣದಂಶವನ್ನೆಲ್ಲ ತೊಳೆದುಕೊಂಡು ಹೋಗಿ, ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಮಣ್ಣು ಹುಳಿ. ಇಂಥ ಮಣ್ಣಿಗೆ ಸೂಪರ್ ಫಾಸ್ಫೇಟ್ ಹಾಕಿದರೆ ಅದರ ರಂಜಕವನ್ನು ಕಬ್ಬಿಣ ಗಟ್ಟಿಯಾಗಿ ಅಪ್ಪಿಕೊಳ್ಳುತ್ತದೆ. ಮಣ್ಣು ಪರೀಕ್ಷೆ ಮಾಡಿಸಿದರೆ ರಂಜಕ ಇದೆಯೆಂಬ ವರದಿಯೇ ಬರಬಹುದು. ಗಿಡದ ಪಾಲಿಗೆ ಅದು ಬೀಗ ಹಾಕಿದ ಪೆಟ್ಟಿಗೆಯಲ್ಲಿರುವ ದುಡ್ಡು.

ಬೀಗ ತೆರೆಯುವ ಕೆಲಸ ಬ್ಯಾಕ್ಟೀರಿಯಾಗಳದ್ದು. ಬಿಳಿ ಅಂಗಿಗೆ ಹತ್ತಿದ ತುಕ್ಕಿನ ಕಲೆಗೆ ಅಜ್ಜಿ ಲಿಂಬೆ ಹೋಳು ಉಜ್ಜಿ ಬಿಸಿಲಿಗೆ ಹಾಕುತ್ತಿದ್ದದ್ದು ನೆನಪಿದೆಯೇ? ಲಿಂಬೆಯ ಸಿಟ್ರಿಕ್ ಆಮ್ಲ ತುಕ್ಕಿನ ಕಬ್ಬಿಣವನ್ನು ಹಿಡಿದೆಳೆದು ನೀರಿಗೆ ಒಪ್ಪಿಸುತ್ತದೆ. ರಂಜಕ ಕರಗಿಸುವ ಬ್ಯಾಸಿಲಸ್, ಸ್ಯೂಡೋಮೊನಾಸ್ ಜಾತಿಯ ಬ್ಯಾಕ್ಟೀರಿಯಾಗಳು ಮಣ್ಣಿನೊಳಗೆ ಮಾಡುವುದು ಬಹುಮಟ್ಟಿಗೆ ಇದನ್ನೇ. ಬೇರಿನ ಸುತ್ತ ಕುಳಿತು ಗ್ಲುಕೋನಿಕ್, ಸಿಟ್ರಿಕ್ ಮೊದಲಾದ ಆಮ್ಲಗಳನ್ನು ಒಸರಿ ಕಬ್ಬಿಣದ ಹಿಡಿತ ಸಡಿಲಿಸುತ್ತವೆ. ಬಿಡುಗಡೆಯಾದ ರಂಜಕವನ್ನು ಶಿಲೀಂಧ್ರದ ಎಳೆ ಹೊತ್ತು ತರುತ್ತದೆ. ಒಬ್ಬ ಬೀಗ ತೆರೆಯುವವ, ಇನ್ನೊಬ್ಬ ಹೊರೆಯಾಳು. ಲಿಂಬೆಹಣ್ಣಿನ ಹುಳಿಗೂ ಅದರ ಬುಡದ ಮಣ್ಣಿನ ಹುಳಿಗೂ ಹೀಗೊಂದು ಸಂಬಂಧವಿದೆ ಎಂದು ತಿಳಿದ ಮೇಲೆ ಶರಬತ್ತು ಕುಡಿಯುವಾಗಲೆಲ್ಲ ನನಗೆ ನೆಲದ ನೆನಪಾಗುತ್ತದೆ.

ಮೂರನೆಯವನೊಬ್ಬನಿದ್ದಾನೆ, ಕಾವಲುಗಾರ. ಅಡಿಕೆಯ ಕೊಳೆರೋಗದ ಹೆಸರು ಕೇಳದವರು ನಮ್ಮಲ್ಲಿಲ್ಲ. ಮೈಸೂರು ಸಂಸ್ಥಾನದ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅದರ ಬಗ್ಗೆ ವಿವರವಾಗಿ ಬರೆದರು. ಕಾರಣ ಫೈಟೊಫ್ತೊರಾ ಎಂಬ ಜೀವಿ. ಅದರ ದಾಯಾದಿಗಳೇ ಲಿಂಬೆ, ಕಿತ್ತಳೆಯ ಬೇರು ಕೊಳೆಸುವುದು, ಬುಡದ ತೊಗಟೆ ಒಡೆಸಿ ಅಂಟು ಸುರಿಸುವುದು. ಆಟಿಯ ಮಳೆಯಲ್ಲಿ ನೀರು ನಿಂತ ಗುಂಡಿ ಅವಕ್ಕೆ ಹಬ್ಬದೂಟ. ಟ್ರೈಕೊಡರ್ಮಾ ಎಂಬ ಹಸಿರು ಬಣ್ಣದ ಶಿಲೀಂಧ್ರ ಇಂಥವುಗಳ ಎಳೆಗೆ ಸುತ್ತಿಕೊಂಡು, ಅವುಗಳ ಜಾಗ ಮತ್ತು ಅನ್ನ ಕಸಿದುಕೊಂಡು, ಬೇರಿಗೆ ಒಂದಿಷ್ಟು ರಕ್ಷಣೆ ಕೊಡುತ್ತದೆ. ಕಾಳುಮೆಣಸಿನವರಿಗೆ ಇದು ಹಳೆಯ ಪರಿಚಯ.

ಇದೆಲ್ಲ ಹೊರಗಿನ ವಿದ್ಯೆಯಾಗಿಯೇ ಉಳಿದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ಡಿ. ಜೆ. ಭಾಗ್ಯರಾಜ್ ದಶಕಗಳ ಕಾಲ ಮೈಕೊರೈಜಾದ ಬೆನ್ನು ಹತ್ತಿದವರು. 1990ರಲ್ಲಿ ವಿನಾಯಕ್ ಮತ್ತು ಭಾಗ್ಯರಾಜ್ ಪ್ರಕಟಿಸಿದ ಅಧ್ಯಯನ ನಮ್ಮ ವಿಷಯಕ್ಕೇ ಸೇರಿದ್ದು. ಕಿತ್ತಳೆಗೆ ಕಸಿ ಕಟ್ಟಲು ಬಳಸುವ ಟ್ರಾಯರ್ ಸಿಟ್ರೇಂಜ್ ಎಂಬ ಬೇರುಗಿಡಕ್ಕೆ ಯಾವ ವ್ಯಾಮ್ ಶಿಲೀಂಧ್ರ ಹೆಚ್ಚು ಒಗ್ಗುತ್ತದೆಂದು ಅವರು ಹಲವನ್ನು ಒರೆಗೆ ಹಚ್ಚಿದರು. ಈ ಬಗೆಯ ಆಯ್ಕೆ ಯಾಕೆ ಬೇಕೆಂದರೆ, ವ್ಯಾಮ್ ಬಹುತೇಕ ಗಿಡಗಳ ಜೊತೆ ನೆಂಟಸ್ತಿಕೆ ಬೆಳೆಸೀತು, ಆದರೆ ಎಲ್ಲ ನೆಂಟರೂ ಒಂದೇ ಸಮ ಉಪಕಾರಕ್ಕೆ ಬರುವುದಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಸಾರಜನಕ ಹಿಡಿಯುವ, ರಂಜಕ ಮತ್ತು ಸತು ಕರಗಿಸುವ ಸೂಕ್ಷ್ಮಜೀವಿಗಳನ್ನು ಒಂದೇ ಪೊಟ್ಟಣದಲ್ಲಿ ಸೇರಿಸಿ 'ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ' ಎಂದು ಹೊರತಂದಿದೆ. ಅದೇ ಸಂಸ್ಥೆಯ ಅಂಗವಾದ ಚೆಟ್ಟಳ್ಳಿಯ ಕೇಂದ್ರಕ್ಕೆ ಕೊಡಗಿನ ಕಿತ್ತಳೆಯ ಸುಖದುಃಖ ಗೊತ್ತು. ಇನ್ನೂ ಹತ್ತಿರ ಬೇಕೆಂದರೆ ಬಂಟ್ವಾಳ ತಾಲೂಕಿನ ವಿಟ್ಲದಲ್ಲೇ ಪ್ರಾದೇಶಿಕ ಕೇಂದ್ರ ಇಟ್ಟುಕೊಂಡಿರುವ, ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ತೆಂಗಿನ ಸಸಿಗೆ 'ಕೇರಾ ಪ್ರೊಬಯೋ', ಕೊಕ್ಕೋ ಸಸಿಗೆ 'ಕೋಕೋ ಪ್ರೊಬಯೋ' ಎಂಬ ಬ್ಯಾಕ್ಟೀರಿಯಾ ಗೊಬ್ಬರಗಳನ್ನು ಅದು ರೂಪಿಸಿದೆ. ಮೊದಲನೆಯದರಲ್ಲಿ ಬ್ಯಾಸಿಲಸ್, ಎರಡನೆಯದರಲ್ಲಿ ಸ್ಯೂಡೋಮೊನಾಸ್. ಗಿಡ ಎಳೆಯದಿರುವಾಗಲೇ ಬೇರಿಗೆ ಜೊತೆ ಕೊಟ್ಟರೆ ಮುಂದೆ ಸುಲಭ ಎಂಬ ವಿಚಾರ ಲಿಂಬೆಗೂ ಅಷ್ಟೇ ಸಲ್ಲುತ್ತದೆ.

ಇಲ್ಲಿಗೆ ಕೆಲವರು ಪೊಟ್ಟಣ ತರಲು ಪೇಟೆಗೆ ಹೊರಟಿರಬಹುದು. ಸ್ವಲ್ಪ ತಾಳಿ. ಈ ಗೊಬ್ಬರ ಜೀವಂತ ಇದ್ದರೆ ಮಾತ್ರ ಗೊಬ್ಬರ. ಸತ್ತರೆ ಅದು ದುಬಾರಿ ಹುಡಿ. 1985ರ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ 2006ರಲ್ಲಿ ಜೈವಿಕ ಗೊಬ್ಬರಗಳೂ ಬಂದವು. ಹುಡಿ ರೂಪದ ಬ್ಯಾಕ್ಟೀರಿಯಾ ಗೊಬ್ಬರದಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಜೀವಕೋಶ ಇರಬೇಕೆಂಬುದು ಅದರ ನಿಯಮ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ಏಪ್ರಿಲ್, ಮೇ ಕಳೆದ ಪೊಟ್ಟಣದಲ್ಲಿ ಆ ಐದು ಕೋಟಿಯಲ್ಲಿ ಎಷ್ಟು ಉಳಿದೀತು, ನೀವೇ ಊಹಿಸಿ. ತಯಾರಾದ ದಿನ, ವಾಯಿದೆ ಮುಗಿಯುವ ದಿನ ಎರಡನ್ನೂ ನೋಡಿ. ಅಂಗಡಿಯವರು ಅದನ್ನು ಎಲ್ಲಿಂದ ಎತ್ತಿಕೊಡುತ್ತಾರೆ ಎಂಬುದನ್ನೂ ನೋಡಿ.

ವ್ಯಾಮ್‌ನದ್ದು ಬೇರೆಯೇ ತಾಪತ್ರಯ. ಬ್ಯಾಕ್ಟೀರಿಯಾವನ್ನು ಇಡ್ಲಿ ಹಿಟ್ಟು ಹುದುಗಿಸಿದ ಹಾಗೆ ಪಾತ್ರೆಯಲ್ಲಿ ಬೆಳೆಸಬಹುದು. ವ್ಯಾಮ್ ಹಾಗೆ ಬೆಳೆಯುವುದಿಲ್ಲ. ಅದಕ್ಕೆ ಜೀವಂತ ಬೇರೇ ಬೇಕು. ಆದ್ದರಿಂದ ಜೋಳ, ರಾಗಿ ಅಥವಾ ಹುಲ್ಲಿನ ಬೇರಿನ ಮೇಲೆ ಬೆಳೆಸಿ, ಬೇರು ಕೊಚ್ಚಿ, ಮಣ್ಣಿನ ಜೊತೆಗೇ ಮಾರುತ್ತಾರೆ. ಇದರಲ್ಲೊಂದು ಅನುಕೂಲವೂ ಇದೆ: ಒಮ್ಮೆ ಒಳ್ಳೆಯ ವ್ಯಾಮ್ ಸಿಕ್ಕಿದರೆ ಮನೆಯಲ್ಲೇ ಹೆಚ್ಚಿಸಿಕೊಳ್ಳಬಹುದು. ದೊಡ್ಡ ಚಟ್ಟಿಯಲ್ಲಿ ಸುಡುಮಣ್ಣು ಮತ್ತು ಹೊಯಿಗೆ ಬೆರೆಸಿ, ಒಂದು ಪದರ ವ್ಯಾಮ್ ಹಾಕಿ, ಮೇಲೆ ಜೋಳ ಬಿತ್ತಿ. ಎರಡು ಎರಡೂವರೆ ತಿಂಗಳು ಕಳೆದ ಮೇಲೆ ನೀರು ನಿಲ್ಲಿಸಿ, ಗಿಡ ಒಣಗಿದಾಗ ದಂಟು ಕತ್ತರಿಸಿ, ಬೇರು ಸಣ್ಣಗೆ ಕೊಚ್ಚಿ ಆ ಮಣ್ಣಿಗೇ ಬೆರೆಸಿದರೆ ಮುಂದಿನ ಸಸಿಗಳಿಗೆ ಸಾಕು. ಬೆಂಕಿ ಕೊಟ್ಟು ಖಾಲಿ ಮಾಡಿದ ಸುಡುಮಣ್ಣು ಇಲ್ಲಿ ಉಪಕಾರಕ್ಕೇ ಬರುತ್ತದೆ. ಬೇಡದವರು ಮೊದಲೇ ಹೋದ ಮನೆಗೆ ಬೇಕಾದವರನ್ನು ಕರೆದು ಕೂರಿಸಿದ ಹಾಗೆ.

ಕೊಡುವ ಹೊತ್ತು ಮುಖ್ಯ. ಸಸಿ ತೊಟ್ಟೆಯಲ್ಲಿರುವಾಗಲೇ ಬೇರಿಗೆ ತಾಗುವಂತೆ ಕೊಟ್ಟರೆ ಉತ್ತಮ. ಅದು ತಪ್ಪಿದರೆ ನೆಡುವ ದಿನ. ಮಣ್ಣಿನ ಮೇಲೆ ಉದುರಿಸಿದ ವ್ಯಾಮ್ ಬೇರು ಹುಡುಕಿಕೊಂಡು ನಡೆದು ಹೋಗುವುದಿಲ್ಲ. ಬೇರಿನ ಮೈಗೇ ಹತ್ತಬೇಕು. ಟ್ರೈಕೊಡರ್ಮಾಕ್ಕೆ ಮೊದಲು ಊಟ ಹಾಕಿ ಬೆಳೆಸಬೇಕು. 90 ಕಿಲೋ ಹಳೆಯ ಹಟ್ಟಿಗೊಬ್ಬರ, 10 ಕಿಲೋ ಬೇವಿನ ಹಿಂಡಿ, ಒಂದೆರಡು ಕಿಲೋ ಟ್ರೈಕೊಡರ್ಮಾ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಎರಡು ವಾರ ಇಟ್ಟರೆ ರಾಶಿಯ ಮೇಲೆ ಹಸಿರು ಬೂಷ್ಟು ಹರಡುತ್ತದೆ. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ರಾಶಿ ಸಿದ್ಧವಾಗಿದ್ದರೆ ಮೊದಲ ಮಳೆಗೆ ಸರಿಹೋಗುತ್ತದೆ.

ಹಾಗೆಯೇ ಜಾಗ. ಮುರಕಲ್ಲಿನಲ್ಲಿ ಗುಂಡಿ ತೋಡಿದರೆ ಜೂನಿನಲ್ಲಿ ಅದು ಸಣ್ಣ ಕೆರೆ. ಬೇರಿನ ನೆಂಟರೂ ಉಸಿರಾಡಬೇಕು, ನೀರಿನಲ್ಲಿ ಮುಳುಗಿದರೆ ಉಳಿಯುವುದು ಫೈಟೊಫ್ತೊರಾ ಮಾತ್ರ. ಅದಕ್ಕೆ ಲಿಂಬೆಯನ್ನು ದಿಬ್ಬದ ಮೇಲೆ, ಕಸಿಯ ಗಂಟು ಮಣ್ಣಿನಿಂದ ಗೇಣು ಮೇಲಿರುವಂತೆ ನೆಡಬೇಕು. ತೆಂಗಿನ ಗುಂಡಿಗೆ ಮುರ ಮೆತ್ತಗಾಗಲೆಂದು ಉಪ್ಪು ಹಾಕುವ ರೂಢಿ ನಮ್ಮಲ್ಲಿದೆ. ಲಿಂಬೆಗೆ ಆ ಉಪಚಾರ ಬೇಡ, ಉಪ್ಪು ಅದಕ್ಕೆ ಆಗದು. ತೊಟ್ಟೆ ಹರಿದು ಸುತ್ತಿಕೊಂಡ ಬೇರನ್ನು ಬೆರಳಿನಿಂದ ಬಿಡಿಸಿ ಹರಡಬೇಕು. ನಾನು ಮಾಡದೆ ಬಿಟ್ಟ ಕೆಲಸ ಇದು. ನರ್ಸರಿಯವರನ್ನು ಮೂರು ವರ್ಷ ಬೈದದ್ದರಲ್ಲಿ ಅರ್ಧ ನನಗೇ ಸಲ್ಲಬೇಕು.

ಇನ್ನು ನೆಂಟರನ್ನು ಓಡಿಸುವ ವಿಧಾನಗಳು. ಬುಡಕ್ಕೆ ಧಾರಾಳವಾಗಿ ಸೂಪರ್ ಫಾಸ್ಫೇಟ್ ಸುರಿದರೆ ಗಿಡ ಶಿಲೀಂಧ್ರಕ್ಕೆ ಸಕ್ಕರೆ ಕೊಡುವುದನ್ನೇ ಕಡಿಮೆ ಮಾಡುತ್ತದೆ; ಕೈಯಲ್ಲಿ ನಗದು ಇದ್ದವನು ಸಾಲ ಕೊಡುವವನ ಮನೆಗೆ ಹೋಗುವುದಿಲ್ಲ. ನಮ್ಮ ಹುಳಿ ಮಣ್ಣಿಗೆ ನಿಧಾನ ಕರಗುವ ರಾಕ್ ಫಾಸ್ಫೇಟ್, ಅದೂ ಮಿತವಾಗಿ, ಒಳ್ಳೆಯದು. ಇನ್ನೊಂದು ಮೈಲುತುತ್ತ. ಅಡಿಕೆಗೆ ಮದ್ದು ಬಿಡುವಾಗ ಕೆಳಗೆ ಸೋರುವ ಬೋರ್ಡೋ ದ್ರಾವಣದ ತಾಮ್ರ ವರ್ಷ ವರ್ಷ ಮಣ್ಣಿನಲ್ಲಿ ಸೇರುತ್ತಲೇ ಹೋಗುತ್ತದೆ. ಕೊಳೆರೋಗಕ್ಕೆ ಕೊಟ್ಟ ಪೆಟ್ಟು ಟ್ರೈಕೊಡರ್ಮಾಕ್ಕೂ ಬೀಳುತ್ತದೆ. ಬೋರ್ಡೋ ಬೇಡವೆನ್ನಲು ನನಗೆ ಧೈರ್ಯವಿಲ್ಲ, ಅಡಿಕೆ ಉಳಿಸಿದ್ದೇ ಅದು. ಆದರೆ ಅಡಿಕೆ ಮರದ ನೆತ್ತಿಯ ಕೆಳಗೆ ಎಳೆ ಲಿಂಬೆ ನೆಟ್ಟು, ಮದ್ದು ಬಿಟ್ಟ ವಾರವೇ ಜೀವಾಣು ಗೊಬ್ಬರ ಹಾಕುವುದು ಎರಡು ಕೈಯಿಂದಲೂ ದುಡ್ಡು ಚೆಲ್ಲಿದಂತೆ. ಎರಡರ ನಡುವೆ ಕನಿಷ್ಠ ಎರಡು ವಾರ ಇರಲಿ. ಬುಡದ ಸುತ್ತ ಬೋಳು ಹೆರೆಸುವ ಅಭ್ಯಾಸವೂ ಕಡಿಮೆಯಾಗಲಿ. ಹುಲ್ಲಿನ ಬೇರಿನ ಮೇಲೆಯೇ ವ್ಯಾಮ್ ಬೇಸಗೆ ಕಳೆಯುವುದು. ಹುಲ್ಲು ಸವರಿ, ಅಲ್ಲೇ ಹಾಸಿ, ಕಾಂಡಕ್ಕೆ ತಾಗದಂತೆ ತರಗೆಲೆ ಮುಚ್ಚಿದರೆ ಸಾಕು.

ಇಷ್ಟೆಲ್ಲ ಮಾಡಿದರೂ ಆಗದ ಕೆಲಸಗಳಿವೆ. ಕೊಡಗಿನ ಕಿತ್ತಳೆ ತೋಟಗಳನ್ನು ಕಂಗೆಡಿಸಿದ ಗ್ರೀನಿಂಗ್ ರೋಗ ಸಿಲ್ಲಿಡ್ ಎಂಬ ಪುಟ್ಟ ಹಾರುವ ಕೀಟದಿಂದ, ರೋಗವಿರುವ ಕಸಿಕಡ್ಡಿಯಿಂದ ಹರಡುವಂಥದು. ಬುಡದ ಯಾವ ಸೂಕ್ಷ್ಮಜೀವಿಯೂ ಅದನ್ನು ಗುಣಪಡಿಸುವುದಿಲ್ಲ. ಅದಕ್ಕೆ ಮೊದಲ ಮದ್ದು, ಆರೋಗ್ಯವಂತ ತಾಯಿಮರದಿಂದ ಕಸಿ ಮಾಡಿದ ಸಸಿ. ಗಿಡ ಹಳದಿಯಾದರೆ ಎಲ್ಲದಕ್ಕೂ ವ್ಯಾಮ್ ಮದ್ದೆಂದು ನಂಬಿಸುವವರ ಮಾತು ನಂಬಬೇಡಿ. ಇನ್ನೊಂದು ಸಂಗತಿಯೂ ಇದೆ. ಹತ್ತಾರು ವರ್ಷ ಗೊಬ್ಬರ ಸೊಪ್ಪು ಕಂಡ, ಅಗೆತ ಕಡಿಮೆಯಿರುವ ಹಿತ್ತಿಲ ಮಣ್ಣಿನಲ್ಲಿ ಈ ನೆಂಟರು ಮೊದಲೇ ಬೇಕಾದಷ್ಟಿರುತ್ತಾರೆ. ಅಲ್ಲಿ ಪೊಟ್ಟಣದಿಂದ ದೊಡ್ಡ ವ್ಯತ್ಯಾಸ ಕಾಣದಿದ್ದರೆ ಆಶ್ಚರ್ಯವಿಲ್ಲ. ಪೊಟ್ಟಣ ಬೇಕಾಗುವುದು ಮಣ್ಣು ಖಾಲಿಯಾದಲ್ಲಿ: ನರ್ಸರಿಯ ತೊಟ್ಟೆಯಲ್ಲಿ, ಜೆಸಿಬಿ ಹಾಯ್ದು ಅಡಿಯ ಮಣ್ಣು ಮೇಲೆ ಬಂದ ಹೊಸ ತಟ್ಟಿನಲ್ಲಿ, ರಬ್ಬರು ಕಡಿದು ಬೋಳಾದ ಗುಡ್ಡದಲ್ಲಿ.

ಹಾಗಾದರೆ ಹಳದಿ ಗಿಡಕ್ಕೆ ನಾನು ಏನು ಮಾಡಿದೆ? ಚೆನ್ನಾಗಿರುವ ಲಿಂಬೆಯ ಬುಡದಿಂದ ಒಂದು ಬುಟ್ಟಿ ಮಣ್ಣು ತಂದು ಹಾಕಲು ಹೊರಟಿದ್ದೆ. ನೆರೆಮನೆಯ ಹಿರಿಯರು ತಡೆದರು. ಲಿಂಬೆಯ ಬುಡದಲ್ಲಿ ಲಿಂಬೆಯ ಶತ್ರುವೂ ಅಡಗಿರಬಹುದು. ವ್ಯಾಮ್‌ಗೆ ಜಾತಿಭೇದ ಇಲ್ಲದಿರುವಾಗ ಬೇರೆ ಗಿಡದ ಬುಡದ್ದಾದರೂ ಆದೀತು. ಅವರದೇ ಜೋಳದ ಸಾಲಿನಿಂದ ಒಂದು ಹಿಡಿಮಣ್ಣು ಬೇರು ಸಮೇತ ಕಿತ್ತುಕೊಟ್ಟರು. ಗಿಡವನ್ನು ಎಬ್ಬಿಸಿ, ಬೇರಿನ ಚೆಂಡು ಬಿಡಿಸಿ, ಆ ಜೋಳದ ಬೇರನ್ನು ಕೊಚ್ಚಿ ಅದರ ಮಡಿಲಿಗೆ ತುಂಬಿ, ದಿಬ್ಬ ಮಾಡಿ ಕೂರಿಸಿದೆ.

ಈಗ ಒಂದೂವರೆ ತಿಂಗಳು. ತುದಿಯಲ್ಲಿ ಐದು ಎಳೆಯೆಲೆ ಬಂದಿದೆ. ಹಳೆಯ ಎಲೆಗಳು ಇನ್ನೂ ಹಳದಿಯೇ. ಮಳೆಯ ಗುಣವೋ, ಬೇರು ಬಿಡಿಸಿದ ಗುಣವೋ, ಜೋಳದ ನೆಂಟನ ಗುಣವೋ ಹೇಳಲು ಇಷ್ಟು ಬೇಗ ಆಗದು. ಬೇಲಿಯಾಚೆಯಿಂದ ದಿನಾ ಒಂದೇ ಪ್ರಶ್ನೆ ಬರುತ್ತದೆ: "ಗುರ್ತ ಆಯ್ತಾ?" ನಾನು ಬಗ್ಗಿ ಎಲೆಗಳನ್ನು ಎಣಿಸಿ, "ಮಾತಾಡ್ಲಿಕ್ಕೆ ಶುರು ಮಾಡಿದ ಹಾಗೆ ಕಾಣ್ತದೆ" ಅನ್ನುತ್ತೇನೆ.